ಎರಡನೆಯ ಜಳಕ

ಮೂರನೆಯ ಗುರುವಾರವೂ ಅನಂತನಿಗೆ ಒಂದೇ ಜಳಕದಲ್ಲಿ ಮುಗಿದುಹೋಯಿತು. ನಳದ ಕೆಳಗಿನಿಂದ ಎದ್ದು, ಹಲ್ಲು ಕಟಕಟ ಅನ್ನುತ್ತಿರುವಾಗ ಮಡಿಪಂಚೆ ಸುತ್ತಿಕೊಳ್ಳುತ್ತ ಅವನ ಕಣ್ಣು ತಾನಾಗಿ ಮಠದ ಗೇಟಿನ ಕಡೆ ಹೋಯಿತು. ಹನ್ನೊಂದಾಗಿತ್ತು. ಮುಶಿಗೇರಿಯ ಬಸ್ಸು ಬಂದು ಕಾಲು ತಾಸಾದರೂ ಆಗಿರಬೇಕು. ಗೇಟಿನಲ್ಲಿ ಒಂದು ಆಕಳು ಬಿಟ್ಟರೆ ಯಾರೂ ಇರಲಿಲ್ಲ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಎದೆಯೊಳಗೆ ಏನೋ ಸಡಿಲಾಯಿತು. ಸಡಿಲಾಯಿತೆಂದು ಗೊತ್ತಾದ ಕ್ಷಣವೇ ಮತ್ತೆ ಬಿಗಿಯಿತು. ಮರಿಯವ್ವ ಬರಲಿಲ್ಲ. ಬರದಿದ್ದರೆ ನನಗೆ ಹಗುರವಾಗುತ್ತದೆ. ಎಂಥ ಮನುಷ್ಯ ನಾನು ಎಂದುಕೊಂಡು, ಮೂಗು ಒರೆಸಿಕೊಂಡು, ಗಂಧ ತೇಯಲು ಒಳಗೆ ಹೋದ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಅನಂತನ ಮೆಡಿಕಲ್ ಶಾಪ್ ಇತ್ತು. ಗುರುವಾರ ಮಾತ್ರ ಮಧ್ಯಾಹ್ನದವರೆಗೆ ಶಟರು ತೆರೆಯುತ್ತಿರಲಿಲ್ಲ. ರಾಯರ ಮಠದ ಬಲಗಡೆಯ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆದು ಬ್ಯಾಂಡೇಜು ಕಟ್ಟುವುದು ಹನ್ನೊಂದು ವರ್ಷದಿಂದ ಅವನು ಹಿಡಿದ ನೇಮ. ನರಗುಂದದಿಂದ ಡಾಕ್ಟರ್ ನಮ್ರತಾ ಬಂದು ನೋಡಿ, ಔಷಧಿ ಬರೆದು ಹತ್ತೂವರೆಗೆ ಹೊರಟುಬಿಡುತ್ತಿದ್ದಳು. ಆಮೇಲೆ ಅಂಗಳದ ನಳದ ಕೆಳಗೆ ಅವನ ತಣ್ಣೀರ ಜಳಕ, ಮಡಿ, ಒಳಗೆ ಪೂಜೆಯ ಕೈಂಕರ್ಯ. ಕೀವು ಮುಟ್ಟಿದ ಮೈಯಲ್ಲಿ ದೇವರನ್ನು ಮುಟ್ಟುವುದುಂಟೆ? ಗ್ಲೌಸು ಹಾಕಿಕೊಂಡೇ ಮುಟ್ಟುತ್ತೀರಲ್ಲ ಕಾಕಾ, ಮೈಲಿಗೆ ಒಳಗೆ ಹ್ಯಾಂಗ ಬರತದ, ಎಂದು ನಮ್ರತಾ ಒಮ್ಮೆ ಚೇಷ್ಟೆ ಮಾಡಿದ್ದಳು. ರಬ್ಬರಿನ ವಿಷಯ ಶಾಸ್ತ್ರದಲ್ಲಿ ಬಂದಿಲ್ಲವ್ವ ಎಂದು ಅವನೂ ನಕ್ಕಿದ್ದ. ಎಲ್ಲವೂ ಒಂದು ಶಿಸ್ತಿನಲ್ಲಿ ನಡೆದಿತ್ತು, ಮುಶಿಗೇರಿಯ ಮುದುಕಿ ಮರಿಯವ್ವನ ಹಿಮ್ಮಡಿಗೆ ಜಾಲಿಮುಳ್ಳು ನೆಡುವವರೆಗೆ. ನೆಟ್ಟದ್ದು ಆಕೆಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆಯಿಂದ ಪಾದ ಜೋಮುಹಿಡಿದು, ನಾಲ್ಕು ದಿನ ಮುಳ್ಳಿನ ಮೇಲೇ ನಡೆದು ಕಡಲೆಯ ಹೊಲದಲ್ಲಿ ಕಳೆ ತೆಗೆದಿದ್ದಳು. ಆಕೆಯ ಬಸ್ಸು ಬರುವುದೇ ಹತ್ತೂಮುಕ್ಕಾಲಿಗೆ. ಅನಂತ ಜಳಕ ಮುಗಿಸಿ ಒಳಗೆ ಹೋಗಿರುತ್ತಿದ್ದ. ಒಂದೆರಡು ಸಲ ಪೂಜೆ ಮುಗಿಯಲಿ ಎಂದು ಕೂರಿಸಿ ನೋಡಿದ. ತಿರುಗಿ ಹೋಗುವ ಬಸ್ಸು ತಪ್ಪಿ, ಆಕೆ ಸಂಜೆಯವರೆಗೆ ಸ್ಟ್ಯಾಂಡಿನಲ್ಲಿ ಕೂರಬೇಕಾಯಿತು. ಹಾಗಾಗಿ ಹೊರಗೆ ಬಂದು, ಪಂಚೆ ಬದಲಿಸಿ, ಹುಣ್ಣು ತೊಳೆದು, ಕಟ್ಟಿ, ಮತ್ತೆ ನಳದ ಕೆಳಗೆ ಕೂರುವುದು. ಮಾಗಿಯ ಚಳಿಯಲ್ಲಿ, ಎರಡನೆಯ ಸಲ. ಸೇವೆ ರಾಯರದು, ಕೈ ಮಾತ್ರ ನನ್ನದು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಎರಡನೆಯ ಜಳಕಕ್ಕೆ ಕೂತಾಗ ಮಾತ್ರ ಚಳಿ ಆಗುತ್ತಿದ್ದದ್ದು ತನಗೇ.

ತಾನು ಹೋದ ಮೇಲೆ ಬರುವ ಮರಿಯವ್ವನ ಹುಣ್ಣನ್ನು ನಮ್ರತಾ ನೋಡುತ್ತಿದ್ದದ್ದು ಅನಂತ ಫೋನಿನಲ್ಲಿ ಕಳಿಸುವ ಫೋಟೋದಲ್ಲಿ. ಇವತ್ತು ಬೆಳಿಗ್ಗೆ ಹೊರಡುವ ಮುಂಚೆ ಕೇಳಿದ್ದಳು.

"ಕಾಕಾ, ಮುಶಿಗೇರಿ ಅಜ್ಜಿ ಎಲ್ಲಿ? ಹಿಮ್ಮಡದ್ದು. ಫೋಟೋ ಬಂದು ಮೂರು ವಾರ ಆತಲ್ಲ."

"ಬಂದಿಲ್ಲವ್ವ."

"ಬಂದಿಲ್ಲ ಅಂದ್ರ? ಯಾಕ ಅಂತ ಕೇಳಿಲ್ಲೇನು? ಸಕ್ಕರಿ ಕಾಲು ಮೂರು ವಾರ ಹಂಗ ಬಿಟ್ರ ಏನಾಗತದ, ನಿಮಗ ನಾ ಹೇಳಬೇಕೇನು? ಎಲುಬಿಗೆ ಇಳಿದಿದ್ರ ಕಾಲು ತಗೀಬೇಕಾಗತದ."

ನಾನೇನು ಮಾಡಲಿ, ಬರಬೇಡ ಎಂದು ನಾನು ಹೇಳಿದೆನೆ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತಿತ್ತು. ಬಾಯಿಂದ ಹೇಳಿರಲಿಲ್ಲ, ಖರೆ. ಆಕೆ ಕಡೆಯ ಸಲ ಬಂದ ದಿನ ಎರಡನೆಯ ಜಳಕದಲ್ಲಿ ಅವನಿಗೆ ಕೆಮ್ಮು ಹತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು. ಬೆಂಚಿನ ಮೇಲೆ ಪ್ರಸಾದಕ್ಕೆ ಕಾಯುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು, "ಏನವಾ, ನಿನ್ನ ಕಾಲಿನ ಸಂಬಂಧ ಆಚಾರ್ರಿಗೆ ವಾರಾ ಎರಡೆರಡು ಗಂಗಾಸ್ನಾನ!" ಎಂದು ಮರಿಯವ್ವನಿಗೆ ಕೇಳುವಂತೆ ಅಂದಿದ್ದರು. ಬೆಂಚಿಗೆ ಬೆಂಚೇ ನಕ್ಕಿತ್ತು. ಅನಂತ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಏನು ಮಾಡಿದ? ಅವನೂ ನಕ್ಕ. ದೊಡ್ಡ ನಗೆಯಲ್ಲ, ತುಟಿಯ ತುದಿಯ ನಗೆ. ನೋಡಿ ನನ್ನ ಪಾಡು ಎನ್ನುವಂಥದ್ದು. ಮರಿಯವ್ವ ಬ್ಯಾಂಡೇಜು ಕಟ್ಟಿದ ಕಾಲನ್ನು ಸೀರೆಯ ಒಳಗೆ ಎಳೆದುಕೊಂಡದ್ದನ್ನು ಅವನು ನೋಡಿದ್ದ. ನೋಡಿಯೂ ಮಡಿಪಂಚೆ ಹಿಡಿದುಕೊಂಡು ಒಳಗೆ ಹೋಗಿದ್ದ. ಅದರ ಮುಂದಿನ ಗುರುವಾರ ಆಕೆ ಬರದಿದ್ದಾಗ ಎಲೆಯ ಮುಂದೆ ಕೂತು ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡಿದ್ದ.

ಇವತ್ತು ಚಿತ್ರಾನ್ನವನ್ನು ಎಲೆಯ ಅಂಚಿಗೆ ಸರಿಸಿದ. ಕಾಲು ತಗೀಬೇಕಾಗತದ. ಇಪ್ಪತ್ತೈದು ವರ್ಷ ಔಷಧಿ ಮಾರಿದವನಿಗೆ, ಕಾಲು ಕಳೆದುಕೊಂಡ ಕೂಲಿಯವಳು ಆಮೇಲೆ ಎಷ್ಟು ದಿನ ಬದುಕುತ್ತಾಳೆಂದು ಗೊತ್ತಿತ್ತು. ಎಲೆ ಎತ್ತಿ, ಮನೆಗೆ ಹೋಗಿ, ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು, ಸಲೈನ್ ಬಾಟಲಿ, ಗಾಜ್ ಬಟ್ಟೆ, ಬ್ಯಾಂಡೇಜು ಚೀಲಕ್ಕೆ ತುಂಬಿದ. ಹೆಂಡತಿ ಶಾರದಾಬಾಯಿ ಬತ್ತಿ ಹೊಸೆಯುತ್ತ ಕೂತಿದ್ದಳು. ಮರಿಯವ್ವನ ಕಾಲು ನೋಡಿ ಬರ್ತೀನಿ, ದೀಪ ಹಚ್ಚೂದರೊಳಗ ಬರ್ತೀನಿ, ಎಂದ. ಆಕೆ ತಲೆ ಎತ್ತಿ ನೋಡಿ ಮತ್ತೆ ಬತ್ತಿಗೆ ಬಗ್ಗಿದಳು. ಆ ನೋಟದಲ್ಲಿ ಏನಿತ್ತೆಂದು ಬಸ್ಸು ಹತ್ತುವವರೆಗೂ ಯೋಚಿಸಿದ. ಮನೆಯಲ್ಲಿ ಮಡಿ ಭಾಳ, ನಮ್ಮಾಕಿ ಒಪ್ಪೂದಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಆಕೆಯನ್ನು ಒಂದು ಸಲವಾದರೂ ಕೇಳಿದ್ದೆನೆ ಎಂದು ನೆನೆಸಿಕೊಂಡರೆ ನೆನಪಾಗಲಿಲ್ಲ.

ಬಸ್ಸಿನ ತುಂಬ ಹೆಂಗಸರು, ಆಧಾರ ಕಾರ್ಡು ತೋರಿಸಿ ಪುಕ್ಕಟೆ ಟಿಕೀಟು ತೆಗೆಸಿ ಸೀಟು ಹಿಡಿದು ಕೂತಿದ್ದರು. ಅನಂತ ನಿಂತೇ ಹೋದ. ಮೆಟ್ಟಿಲು ಹತ್ತುವಾಗ ಎಣಿಸಿದ್ದ, ಮೂರು, ಮೊದಲಿನದು ಮೊಣಕಾಲೆತ್ತರ. ಹಿಮ್ಮಡಿ ಊರದೆ ಇದನ್ನು ಹೇಗೆ ಹತ್ತುತ್ತಿದ್ದಳು? ಕಿಟಕಿಯಾಚೆ ಎರೆಭೂಮಿ, ಎದೆಮಟ್ಟದ ಬಿಳಿಜೋಳ, ಅದರ ನಡುವೆ ಕುಸುಬಿಯ ಸಾಲು. ಅವನ ಕಣ್ಣಿಗೆ ಅದೊಂದೂ ಬೀಳಲಿಲ್ಲ. ಹಿಮ್ಮಡಿಯಷ್ಟೇ ಕಾಣುತ್ತಿತ್ತು: ಅಂಚು ಬೆಳ್ಳಗೆ, ನಡುವೆ ಹಳದಿ, ಈಗ ಕಪ್ಪಾಗಿರಬೇಕು. ವಾಸನೆ ಬಾಗಿಲಿಗೇ ಬರುತ್ತದೆ. ನೊಣ. ಆಕೆ ಮಲಗಿರುತ್ತಾಳೆ, ಮೈ ಕೆಂಡದಂತೆ ಸುಡುತ್ತಿರುತ್ತದೆ. ಸೊಸೆ ಕೇಳುತ್ತಾಳೆ, ಈಗ ಬಂದ್ರೇನು ಎಂದು. ಕೇಳಲಿ. ಜಾತಿ ಎತ್ತಿ ಬೈದರೆ ಬೈಯಲಿ. ಬೈಯಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ರಾಯರೇ, ಕಾಲು ಒಂದು ಉಳಿಸಿರಿ, ಮಿಕ್ಕಿದ್ದು ನಾನು ಅನುಭವಿಸುತ್ತೇನೆ ಎಂದು ಬೇಡಿಕೊಂಡ. ಬೇಡಿಕೊಳ್ಳುವಾಗಲೂ ಈ ಬಸ್ಸಿನ ನೂಕಾಟದಲ್ಲಿ ಮಡಿಯಿಲ್ಲದೆ ಹೆಸರು ತೆಗೆದೆನಲ್ಲ ಎಂದು ಮನಸ್ಸಿನ ಒಂದು ಮೂಲೆ ಅಂದಿತು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮರಿಯವ್ವ ಮಲಗಿರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡವಳೇ ಎಡಗಾಲು ಸೀರೆಯೊಳಗೆ ಎಳೆದುಕೊಂಡಳು.

"ಅಯ್ಯ ಆಚಾರ್ರ, ನೀವ್ಯಾಕ ಬರಾಕ ಹೋದ್ರಿ? ಏ ಭಾರತಿ, ಒಲಿಮ್ಯಾಲ ನೀರ ಇಡ! ಹಂಡೆ ತುಂಬ ಇಡ!"

ಸೊಸೆ ಭಾರತಿ ಒಳಗಿನಿಂದ ಇಣುಕಿದಳು. ಐದಾರು ತಿಂಗಳ ಬಸುರಿ. ಚಹಾಕ್ಕೆ ಹಂಡೆ ನೀರು ಯಾಕೆ ಎಂದು ಅನಂತನಿಗೆ ಅರ್ಥವಾಗಲಿಲ್ಲ. ಕಟ್ಟೆಯ ತುದಿಗೆ ಕೂತು ಚೀಲ ಬಿಚ್ಚಿದ.

"ಕಾಲು ತೋರಸವಾ."

"ನಾ ಕಾಲ ಕೊಡಂಗಿಲ್ರಿ."

"ಯಾಕ? ಸಿಟ್ಟ ಬಂದದೇನು? ಬಂದ್ರ ಬೈ. ಬೈಯಾಕ ನಿನಗ ಹಕ್ಕದ. ಆದ್ರ ಕಾಲು ತೋರಸು."

"ಸಿಟ್ಟ ಯಾಕ್ರಿ ಬರತೈತಿ?" ಮರಿಯವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನೀವು ನನ್ನ ಮುಟ್ಟಿದ್ರ ಮತ್ತ ಜಳಕಾ ಮಾಡತೀರಿ. ಈ ಥಂಡ್ಯಾಗ, ಆ ಥಣ್ಣೀರಾಗ. ಅವತ್ತ ಕೆಮ್ಮಿ ಕೆಮ್ಮಿ ಕಣ್ಣಾಗ ನೀರ ಬಂದಿದ್ವು ನಿಮಗ, ನಾ ನೋಡೇನಿ. ಬಸ್ಸಿನ್ಯಾಗ ಊರಿಗೆ ಬರೂಮಟ ಅದ ಕಣ್ಣ ಮುಂದ. ನನ್ನ ಕಾಲೇನ್ರಿ, ಮುದುಕಿ ಕಾಲು, ಹ್ವಾದ್ರ ಹೋಗ್ಲಿ. ನಿಮಗ ಎದಿ ಹಿಡಕೊಂಡು ಏನರ ಆದ್ರ ಆ ಪಾಪ ತಗೊಂಡು ನಾ ಎಲ್ಲಿ ಇಡ್ಲಿ? ನಿಮ್ಮವು ಹತ್ತ ಮಂದಿ ಕಾಲು ತೊಳಿಯೂ ಕೈ ಅದಾವು."

ಬೈಗುಳಕ್ಕೆ ಸಿದ್ಧನಾಗಿ ಬಂದ ಅನಂತನಿಗೆ ಇದನ್ನು ಹಿಡಿಯಲು ಕೈಯಲ್ಲಿ ಪಾತ್ರೆಯೇ ಇರಲಿಲ್ಲ. ಅವಮಾನವಾಗಿ ಬಿಟ್ಟಳು ಎಂದುಕೊಂಡಿದ್ದ. ಅವನ ಕೆಮ್ಮಿಗಾಗಿ ಬಿಟ್ಟಿದ್ದಳು. ಹನ್ನೊಂದು ವರ್ಷ ಗುರುವಾರ ಗುರುವಾರ ತಾನು ಕೊಡುವವ, ಬೆಂಚಿನ ಮೇಲಿನವರು ಪಡೆಯುವವರು ಎಂಬ ಲೆಕ್ಕದಲ್ಲಿ ಬದುಕಿದ್ದ. ಈ ಹೆಂಗಸು ತುಟಿಪಿಟಕ್ಕೆನ್ನದೆ ತನ್ನ ಕಾಲನ್ನೇ ಅವನಿಗೆ ಕೊಟ್ಟು ಕೂತಿದ್ದಳು. ಅವನಿಗೆ ಅಳು ಬಂತು. ಅಳುವುದು ತಪ್ಪಿಸಲಿಕ್ಕೆ ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟ.

"ಮರಿಯವ್ವ, ನೀ ಬರದ ಇದ್ದ ಮೊದಲನೇ ಗುರುವಾರ ನನಗ ಹಗರ ಅನಿಸ್ತು. ಪೀಡಾ ತಪ್ಪಿತು ಅಂದಂಗ. ಎರಡು ಸಲ ಚಿತ್ರಾನ್ನ ಉಂಡೆ."

ಮರಿಯವ್ವ ಬಾಯಿಗೆ ಸೆರಗು ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕಳು.

"ನನಗೂ ಹಂಗ ಅನಿಸಿತ್ರಿ! ಆ ಬಸ್ಸ ಹತ್ತೂದು ತಪ್ಪಿತು, ಆ ಮಾಸ್ತರನ ಮಾರಿ ನೋಡೂದು ತಪ್ಪಿತು ಅಂತ ನಾನೂ ಎರಡು ರೊಟ್ಟಿ ಹೆಚ್ಚಿಗಿ ತಿಂದೆ."

"ಎರಡು ರೊಟ್ಟಿ ಹೆಚ್ಚಿಗಿ ತಿನ್ನಬಾರದವಾ, ಸಕ್ಕರಿ ಏರತದ," ಎಂದು ಅನಂತನ ಬಾಯಿ ರೂಢಿಯಂತೆ ಹೇಳಿತು. ಇಬ್ಬರೂ ನಕ್ಕರು. ಅವನ ಕಣ್ಣಲ್ಲಿ ನೀರು ಬಂದೇಬಿಟ್ಟಿತು, ನಗುವಿನದೆಂದು ಒರೆಸಿಕೊಂಡ.

"ಕಾಲು ಕೊಡವಾ ಈಗ."

"ಒಂದ ಮಾತಿಗೆ ಕೊಡತೀನಿ. ಇಲ್ಲೇ, ನಮ್ಮ ಬಚ್ಚಲದಾಗ, ಬಿಸಿನೀರಿನ ಜಳಕಾ ಮಾಡಬೇಕು. ಅದಕ್ಕ ನೀರ ಇಡಸೀನಿ. ಥಣ್ಣೀರ ಮೈಮ್ಯಾಲ ಹಾಕ್ಕೊಳ್ಳಂಗಿಲ್ಲ ಅಂತ ರಾಯರ ಆಣಿ ಮಾಡ್ರಿ."

ಇಲ್ಲಿ ಅನಂತ ಸ್ವಲ್ಪ ತಡೆದ. ಈ ಮನೆಯ ನೀರು, ಈ ಮನೆಯ ಹಂಡೆ. ಅದರಲ್ಲಿ ಮಿಂದರೆ ಮಡಿಯಾಗುವುದು ಹಾಗಿರಲಿ, ಮಿಂದದ್ದನ್ನು ಕಳೆಯಲು ಇನ್ನೊಮ್ಮೆ ಮೀಯಬೇಕೆಂದು ಅವನ ಅಜ್ಜ ಹೇಳುತ್ತಿದ್ದ. ಮರಿಯವ್ವನಿಗೆ ಅದು ಗೊತ್ತಿರಲಿಲ್ಲ. ಜಳಕ ಮಾಡುವುದು ಆಚಾರ್ರ ಧರ್ಮ, ನೀರು ಬಿಸಿ ಇರಬೇಕಷ್ಟೇ ಎಂದು ಆಕೆ ತಿಳಿದಿದ್ದಳು. ಆಕೆ ಹುಬ್ಬು ಏರಿಸಿ ಕಾಯುತ್ತಿದ್ದಳು, ಕಾಲು ಇನ್ನೂ ಸೀರೆಯೊಳಗೇ ಇತ್ತು.

"ಆತು. ರಾಯರಾಣಿ," ಎಂದ.

ಕಾಲು ಹೊರಗೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಬಿಚ್ಚತೊಡಗಿದ. ಮೂರು ವಾರದ ಹಿಂದೆ ತಾನು ಕಟ್ಟಿದ ಬ್ಯಾಂಡೇಜು ಕೊಳೆತು ಅಂಟಿರುತ್ತದೆಂದುಕೊಂಡಿದ್ದ. ಹಳೆಯ ನೂಲಿನ ಸೀರೆಯ ಪಟ್ಟಿ ಅದು, ಬಿಸಿಲಿಗೆ ಒಣಗಿದ ಸ್ವಚ್ಛ ವಾಸನೆ ಬರುತ್ತಿತ್ತು. ಕಡೆಯ ಸುತ್ತು ಬಿಚ್ಚಿದ. ಬಗ್ಗಿ ನೋಡಿದ. ಕಪ್ಪು ಇರಲಿಲ್ಲ. ಹಳದಿಯೂ ಇರಲಿಲ್ಲ. ಹುಣ್ಣು ಮೊದಲಿಗಿಂತ ಕಿರಿದಾಗಿ, ಒಳಗೆ ದಾಳಿಂಬೆಯ ಕಾಳಿನ ಹಾಗೆ ಕೆಂಪು ಹರಳು ಹರಳಾಗಿ ಹೊಸ ಮಾಂಸ ತುಂಬಿಕೊಂಡಿತ್ತು. ಸುತ್ತಲೂ ಬೆರಳಿನಿಂದ ಒತ್ತಿದ. ಕೀವು ಬರಲಿಲ್ಲ. ಇನ್ನೊಮ್ಮೆ ಒತ್ತಿದ.

"ಯಾರು ಮಾಡ್ಯಾರ ಇದನ್ನ?"

"ಹಸನಬಿ ರೀ, ಬಾಜೂ ಮನಿ. ನಾನು ಆಕಿ ಕೂಡೇ ಕಳೆ ತಗ್ಯಾಕ ಹೋಗತೇವಿ. ಭಾರತಿಗೆ ಬಸುರಾಗ ವಾಸನಿ ಬಂದ್ರ ವಾಂತಿ. ನೀವು ಮಾಡೂದನ್ನ ನಾ ಆರು ವಾರ ನೋಡೇನಲ್ರಿ? ಹಂಗ ಹೇಳಿದೆ, ಹಂಗ ಮಾಡಿದ್ಲು."

ಕರೆಯುವ ಮೊದಲೇ ಹಸನಬಿ ಗೋಡೆಯ ಆಚೆಯಿಂದ ಬಂದಿದ್ದಳು. ನಲವತ್ತೈದರ ಗಟ್ಟಿಮುಟ್ಟಾದ ಹೆಂಗಸು, ತಲೆಯ ಮೇಲೆ ಸೆರಗು. ಪರೀಕ್ಷೆಗೆ ನಿಂತವಳಂತೆ ಒಪ್ಪಿಸಿದಳು: "ನೀರ ಕುದಿಸಿ, ಉಪ್ಪ ಹಾಕಿ, ಆರಿಸಿ, ತೊಳದೇನ್ರಿ. ತಿಕ್ಕಿಲ್ಲ, ಒತ್ತಿ ಒತ್ತಿ ಒರಸೇನಿ. ಬಟ್ಟೀನೂ ಕುದಿಸಿ ಬಿಸಲಾಗ ಹಾಕೇನಿ. ಹಿಮ್ಮಡ ನೆಲಕ್ಕ ಊರಾಕ ಕೊಟ್ಟಿಲ್ಲ. ತಪ್ಪಾಗಿದ್ರ ಹೇಳ್ರಿ."

ತಪ್ಪು ಹುಡುಕುವ ಸ್ಥಿತಿಯಲ್ಲಿ ಅನಂತ ಇರಲಿಲ್ಲ. ಫೋನು ತೆಗೆದು ನಮ್ರತಾಳಿಗೆ ವಿಡಿಯೋ ಹಚ್ಚಿದ. ಹತ್ರ ಹಿಡೀರಿ ಕಾಕಾ, ಬೆಳಕಿಗೆ ತಿರುಗಸ್ರಿ, ಒತ್ತಿ ತೋರಸ್ರಿ, ಜ್ವರ ಅದೇನು ಕೇಳ್ರಿ, ಎಂದು ಆಕೆ ಎಲ್ಲ ನೋಡಿದಳು. ಆಮೇಲೆ ಅವಳ ದನಿಯೇ ಬದಲಾಯಿತು. "ಚಲೋ ಅದಲ್ರೀ! ಅಜ್ಜಿ, ನಿಮ್ಮ ಕಾಲು ಎಲ್ಲೂ ಹೋಗೂದಿಲ್ಲ. ಮುಂದಿನ ವಾರ ಬರ್ರಿ, ಒಂದು ಎಕ್ಸ್‌ರೇ ತಗೋಣು, ಅಷ್ಟ." ಭಾರತಿ ಬಾಗಿಲಲ್ಲಿ ನಿಂತು ಕೈ ಮುಗಿದಳು. ಯಾರಿಗೆ ಮುಗಿದಳೋ, ಫೋನಿಗೋ, ಹಸನಬಿಗೋ. ಅನಂತ ಗಾಜ್ ಬಟ್ಟೆ ಇಟ್ಟು, ಹೊಸ ಬ್ಯಾಂಡೇಜು ಸುತ್ತಿದ. ಇಷ್ಟು ನಿಧಾನವಾಗಿ, ಗಡಿಯಾರ ನೋಡದೆ, ಅವನು ಯಾರ ಕಾಲನ್ನೂ ಕಟ್ಟಿರಲಿಲ್ಲ.

ಬಸುರಿ ಹಂಡೆ ಎತ್ತಬಾರದೆಂದು ಬಿಸಿನೀರನ್ನು ಹಸನಬಿಯೇ ಹಿತ್ತಲಿನ ಬಚ್ಚಲಿಗೆ ಹೊತ್ತು ತಂದಳು. ತೆಂಗಿನ ಗರಿಯ ಮರೆ, ಒಂದು ಕಲ್ಲುಚಪ್ಪಡಿ. ಅನಂತ ಅಲ್ಲಿ ಅಂಗಿ ಬಿಚ್ಚಲು ಸಂಕೋಚಪಟ್ಟು ನಿಂತಿದ್ದ. ಏನಾದರೂ ಮಾತಾಡಬೇಕೆಂದು ಹಸನಬಿಗೆ ಅಂದ.

"ನಿಮಗೇನು ತ್ರಾಸ ಇಲ್ಲ ನೋಡ್ರಿ, ನಮ್ಮಂಗ ಜಳಕಾ ಗಿಳಕಾ."

"ಯಾಕಿಲ್ರಿ, ನಮ್ಮೊಳಗೂ ಐತಿ. ರಕ್ತ ಕೀವು ತಾಕಿದ ಸೀರಿಮ್ಯಾಲ ನಮಾಜ ಆಗಂಗಿಲ್ಲ. ತೊಳಕೊಂಡು, ಸೀರಿ ಬದಲಿ ಮಾಡೇ ಕುಂದ್ರತೀನಿ. ದಿನಾ."

"ಹೌದೇನು? ಮತ್ತ ಮರಿಯವ್ವ ನಿಮಗ ಬ್ಯಾಡ ಅನ್ನಲಿಲ್ಲ?"

"ಆಕಿಗೆಲ್ಲಿ ಗೊತ್ತೈತ್ರಿ? ಕಾಲ ಕಟ್ಟಿ, ಕೈಯಷ್ಟ ತೊಳಕೊಂಡು, ಆಕಿ ಕೂಡ ಎಲಿ ಅಡಿಕಿ ತಿಂದು, ನಾಕ ಮಾತ ಆಡಿ ಮನಿಗೆ ಹೋಗತೀನಿ. ಆಮ್ಯಾಲ ಬಾಗಲಾ ಹಾಕ್ಕೊಂಡು ತೊಳಕೋತೀನಿ. ಬ್ಯಾನಿ ಇದ್ದೋರ ಕಣ್ಣ ಮುಂದ ತೊಳಕೊಂಡ್ರ ಅವರಿಗೆ ಹ್ಯಾಂಗ ಆಗಬ್ಯಾಡ..." ಎಂದವಳಿಗೆ ಯಾರ ಮುಂದೆ ಹೇಳುತ್ತಿದ್ದೇನೆಂದು ಥಟ್ಟನೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡಳು. "ನೀರ ಆರತಾವು, ಲಗೂ ಹಾಕ್ಕೊಳ್ರಿ," ಎಂದು ಚೊಂಬು ಅಲ್ಲಿಟ್ಟು ಸರಸರ ಹೋಗಿಬಿಟ್ಟಳು.

ಅನಂತ ಕಲ್ಲಿನ ಮೇಲೆ ಕೂತ. ಮೊದಲ ಚೊಂಬು ಮೈ ಸುಟ್ಟಿತು. ಎರಡನೆಯದು ಹಿತವಾಯಿತು. ಮಠದ ಹಿಂದೆ ಒಂದು ಬಚ್ಚಲುಮನೆ ಇತ್ತು. ಬಾಗಿಲಿದ್ದದ್ದು, ಒಲೆಯೂ ಇದ್ದದ್ದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ಅಲ್ಲಿಗೆ ಹೋಗಿರಲಿಲ್ಲ. ಅಂಗಳದ ನಳವೇ ಬೇಕಾಗಿತ್ತು, ಬೆಂಚಿನ ಎದುರಿನದು. ಆ ನಡುಕವನ್ನು ಹತ್ತು ಮಂದಿ ನೋಡಬೇಕಾಗಿತ್ತು. ಯಾರೂ ಕೇಳದೆ ತಾನೇ ತನಗೆ ಒಪ್ಪಿಕೊಂಡ ಮಾತು ಅದು. ಒಪ್ಪಿಕೊಂಡರೆ ಜೀವ ಹೋಗುತ್ತದೆ ಎಂದುಕೊಂಡಿದ್ದ, ಹೋಗಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಬಗಲಲ್ಲಿ ಕೂಸಿನ ಹಾಗೆ, ಒಂದು ಸುಖವೂ ಇತ್ತು: ಕಾಲು ಉಳಿಯಿತು. ತನ್ನ ಕೈಯಿಂದ ಉಳಿಯಲಿಲ್ಲ, ಆದರೂ ಉಳಿಯಿತು. ಬೇಡಿಕೊಂಡದ್ದನ್ನು ರಾಯರು ಬೇಡುವ ಮೊದಲೇ, ಮೂರು ವಾರದ ಹಿಂದೆಯೇ, ಗೋಡೆಯಾಚೆಯ ಮನೆಯಿಂದ ಕೊಡಿಸಿಬಿಟ್ಟಿದ್ದರು. ಹಂಡೆಯ ತಳ ಕಾಣುವವರೆಗೆ ನೀರು ಸುರಿದುಕೊಂಡ. ಎಷ್ಟೋ ದಿನದ ಮೇಲೆ ಉಸಿರು ಕೆಮ್ಮಿಲ್ಲದೆ ಹೊಟ್ಟೆಯ ತನಕ ಇಳಿಯಿತು.

ಬದಲಿ ಬಟ್ಟೆಯ ಯೋಚನೆ ಯಾರಿಗೂ ಬಂದಿರಲಿಲ್ಲ. ಹುಣ್ಣಿನ ಕಾಲು ತಾಕಿದ ಪ್ಯಾಂಟು ಮತ್ತೆ ಹಾಕಿಕೊಳ್ಳಲು ಮರಿಯವ್ವ ಬಿಡಲಿಲ್ಲ. ಗೋವಾಕ್ಕೆ ದುಡಿಯಲು ಹೋದ ಮಗ ಕಳಕೇಶನ ಟ್ರಂಕಿನಿಂದ ಒಂದು ನೀಲಿ ಚೌಕಡಿ ಲುಂಗಿ ಬಂತು. ಅದನ್ನು ಉಟ್ಟು, ಮೇಲೆ ತನ್ನ ಅಂಗಿ ತೊಟ್ಟು ನಿಂತವನನ್ನು ನೋಡಿ ಮರಿಯವ್ವ, "ಈಗ ನಮ್ಮ ಮನಿ ಗಂಡಸ ಕಂಡಂಗ ಕಾಣತೀರಿ," ಅಂದಳು. ಮುಂದಿನ ಗುರುವಾರ ನೀ ಬರೂತನಕ ನಾ ಜಳಕಾ ಮಾಡೂದಿಲ್ಲ, ಕಾಯ್ತೀನಿ ಎಂದ ಅನಂತ. ಕಾಯಬ್ಯಾಡ್ರಿ, ಬಸ್ಸ ತಡಾ ಮಾಡತೈತಿ ಎಂದಳು. ತಡವಾದರೂ ಕಾಯುತ್ತೇನೆಂದು ಅವನು ಎರಡು ಸಲ ಹೇಳಿದ.

ಗಜೇಂದ್ರಗಡದಲ್ಲಿ ಇಳಿದಾಗ ಗುಡ್ಡದ ಮೇಲಿನ ಕೋಟೆಯ ಗೋಡೆ ಕೆಂಪಾಗಿ, ದೀಪ ಹಚ್ಚುವ ಹೊತ್ತಾಗಿತ್ತು. ಲುಂಗಿಯ ಆಚಾರ್ರನ್ನು ಸ್ಟ್ಯಾಂಡಿನಲ್ಲಿ ಇಬ್ಬರು ಮೂವರು ತಿರುಗಿ ನೋಡಿದರು. ಅವನಿಗೆ ಅದರ ಪರಿವೆ ಇರಲಿಲ್ಲ. ಓಣಿಗೆ ತಿರುಗಿದ ಮೇಲೆ ಮಾತ್ರ ಕಾಲು ತಾನಾಗಿ ನಿಧಾನವಾಯಿತು. ಶಾರದಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಲುಂಗಿಯನ್ನು ನೋಡಿದಳು, ಕೈಯಲ್ಲಿದ್ದ ಪ್ಯಾಂಟಿನ ಗಂಟನ್ನು ನೋಡಿದಳು.

"ಜಳಕಾ?"

"ಅಲ್ಲೇ ಆತು. ಮರಿಯವ್ವನ ಮನ್ಯಾಗ, ಅವರ ನೀರಿಂದ."

ಹೇಳಿ ಅವನು ಹೊಸ್ತಿಲ ಹೊರಗೇ ನಿಂತ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ, ಈಕೆ ಏನು ಹೇಳುತ್ತಾಳೆಂದು ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು. ಹಿತ್ತಲ ಬಾಗಿಲಿಗೆ ಹೋಗಿ ಮತ್ತೆ ಮೀಯಿರಿ ಎಂದರೆ ಹೋಗುವುದು ಎಂದುಕೊಂಡ.

"ಕಾಲು?" ಎಂದಳು ಶಾರದಾಬಾಯಿ.

"ಉಳೀತು."

ಆಕೆ ಸೆರಗಿನ ತುದಿಯಲ್ಲಿ ಹಿಡಿದಿದ್ದ ಕಡ್ಡಿಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟಳು. "ಹಂಗಾರ ಹೊರಗ್ಯಾಕ ನಿಂತೀರಿ? ಬತ್ತಿ ಹಾಕಿಟ್ಟೀನಿ, ದೀಪಾ ಹಚ್ಚ್ರಿ, ಹೊತ್ತಾತು," ಎಂದು ದಾರಿ ಬಿಟ್ಟಳು. ಅನಂತ ಲುಂಗಿಯಲ್ಲೇ ದೇವರಮನೆಗೆ ಹೋದ.